ಒಡಹುಟ್ಟಿದವಳನ್ನು ಗುರುತಿಸುವವರು ಯಾರು?

ಪ್ರಶ್ನೆ: ಉಡುಪಿಯ ನಮ್ಮ ಓದುಗರ ಬಳಗದಲ್ಲಿ ಈಚೆಗೆ ಅಮೆರಿಕದ ಲೇಖಕಿ ಬ್ರಿಟ್ ಬೆನೆಟ್ ಅವರ ‘ದಿ ವ್ಯಾನಿಶಿಂಗ್ ಹಾಫ್’ ಕಾದಂಬರಿಯನ್ನು ಓದಿದೆವು. ಅವಳಿ ಸಹೋದರಿಯರಲ್ಲಿ ಒಬ್ಬಳು ಕಪ್ಪು ಹೆಂಗಸಾಗಿಯೇ ಉಳಿದು, ಇನ್ನೊಬ್ಬಳು ತವರನ್ನು ತೊರೆದು ಬಿಳಿಯಳೆಂದು ಬಾಳುತ್ತಾಳೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಹೀಗೆ ಬೇರೆ ಬೇರೆ ಜನಾಂಗದವರಾಗಿ ಬದುಕುವುದು ನಿಜವಾಗಿ ಸಾಧ್ಯವಿತ್ತೇ? ನಮ್ಮಲ್ಲಿ ಜಾತಿಯನ್ನು ಮುಚ್ಚಿಟ್ಟು ಬದುಕುವುದಕ್ಕೂ ಇದಕ್ಕೂ ಹೋಲಿಕೆ ಸರಿಯೇ? ಕರಾವಳಿಯ ಅಕ್ಕತಂಗಿಯರ ಮೂರು ತಲೆಮಾರಿನ ಕಥೆಯೊಂದನ್ನು ಬರೆಯಬೇಕೆಂಬ ಆಸೆ ನನಗಿದೆ. ಈ ಕಥಾವಸ್ತುವನ್ನು ಇಲ್ಲಿಗೆ ತರಬಹುದೇ?
— ಓದುಗರು, ಬ್ರಹ್ಮಾವರ

ಉತ್ತರ: ಮೊದಲ ಪ್ರಶ್ನೆಗೆ ಉತ್ತರ, ಸಾಧ್ಯವಿತ್ತು ಎಂಬುದು. ಸಾಧ್ಯವಿದ್ದುದಷ್ಟೇ ಅಲ್ಲ, ಅಮೆರಿಕದಲ್ಲಿ ಅದು ಸಾಕಷ್ಟು ನಡೆದ ಸಂಗತಿ. ಅದಕ್ಕೆ ‘ಪಾಸಿಂಗ್’ ಎಂಬ ಹೆಸರೂ, ನೂರು ವರ್ಷಕ್ಕೂ ಮಿಕ್ಕ ಸಾಹಿತ್ಯ ಪರಂಪರೆಯೂ ಇದೆ. ಕಪ್ಪು ಮನೆತನದಲ್ಲಿ ಹುಟ್ಟಿ, ನೋಡುವವರ ಕಣ್ಣಿಗೆ ಬಿಳಿಯಳಾಗಿ ಕಾಣುವ ಹೆಣ್ಣು ತನ್ನವರನ್ನು ಬಿಟ್ಟು, ಬಿಳಿಯನನ್ನು ಮದುವೆಯಾಗಿ ಬಿಳಿಯಳಾಗಿಯೇ ಬಾಳುವ ಕಥೆಯನ್ನು ನೆಲ್ಲಾ ಲಾರ್ಸನ್ 1929ರಷ್ಟು ಹಿಂದೆಯೇ ಬರೆದಿದ್ದರು. 2020ರಲ್ಲಿ ಬಂದ ಬೆನೆಟ್ ಅವರ ಕಾದಂಬರಿ ಆ ಹಳೆಯ ದಾರಿಯಲ್ಲೇ ನಡೆದರೂ, ಹೊರಟವಳ ಜೊತೆಗೆ ಉಳಿದವಳನ್ನೂ ಇಬ್ಬರ ಹೆಣ್ಣುಮಕ್ಕಳನ್ನೂ ಸರಿಸಮವಾಗಿ ಮುಂದಿಟ್ಟಿತು. ಅದರ ಹೊಸತನ ಅಲ್ಲಿದೆ.

ಆದರೆ ನಿಮ್ಮ ಬಳಗದವರಿಗೆ ನಂಬಲಾಗದೆ ಹೋದುದಕ್ಕೆ ಕಾರಣವಿದೆ. ಬಿಳಿಯಳಾಗಿ ಕಾಣುವವಳನ್ನು ಕಪ್ಪು ಎಂದು ಏಕೆ ಕರೆಯಬೇಕು ಎಂಬ ಸಂಶಯ ನಮಗೆ ಸಹಜವಾಗಿಯೇ ಬರುತ್ತದೆ. ಇದರ ಬೇರು ಚರ್ಮದಲ್ಲಿಲ್ಲ, ಕಾನೂನಿನಲ್ಲಿದೆ. 1662ರಲ್ಲಿ ವರ್ಜೀನಿಯಾದ ಶಾಸನಸಭೆ, ಹುಟ್ಟಿದ ಮಗು ದಾಸ್ಯದ್ದೋ ಸ್ವತಂತ್ರದ್ದೋ ಎಂಬುದನ್ನು ತಾಯಿಯ ಸ್ಥಿತಿಯನ್ನು ನೋಡಿ ನಿರ್ಧರಿಸಬೇಕೆಂದು ವಿಧಿಸಿತು. ಇಂಗ್ಲಿಷರ ಸಂಪ್ರದಾಯದಲ್ಲಿ ಮಗುವಿನ ಸ್ಥಾನಮಾನ ತಂದೆಯಿಂದ ಬರುತ್ತಿತ್ತು. ಅದನ್ನು ಇಲ್ಲಿ ಬೇಕೆಂದೇ ತಲೆಕೆಳಗು ಮಾಡಲಾಯಿತು. ಫಲವಾಗಿ ಒಡೆಯನಿಗೆ ದಾಸಿಯಲ್ಲಿ ಹುಟ್ಟಿದ ಮಗು ಅವನ ಮಗುವಾಗದೆ ಅವನ ಆಸ್ತಿಯಾಯಿತು. ಆ ಮಗಳಿಗೆ ಮತ್ತೊಬ್ಬ ಬಿಳಿಯನಿಂದ ಹುಟ್ಟಿದ ಮಗಳೂ ಆಸ್ತಿಯೇ. ಹೀಗೆ ನಾಲ್ಕೈದು ತಲೆಮಾರು ಕಳೆಯುವಷ್ಟರಲ್ಲಿ ಮೈಬಣ್ಣದಲ್ಲಿ ಒಡೆಯನ ಹೆಂಡತಿಗೂ ಅಡುಗೆಮನೆಯ ದಾಸಿಗೂ ವ್ಯತ್ಯಾಸವೇ ಕಾಣದ ಮನೆಗಳು ದಕ್ಷಿಣದ ರಾಜ್ಯಗಳಲ್ಲಿ ಇದ್ದವು. ಕಾದಂಬರಿಯ ಅವಳಿಗಳ ತವರು, ಲೂಸಿಯಾನಾ ರಾಜ್ಯದ ಮ್ಯಾಲಾರ್ಡ್ ಎಂಬ ಊರು ಕಲ್ಪಿತವಾದರೂ, ದಾಸ್ಯದಿಂದ ಬಿಡುಗಡೆ ಪಡೆದವನೊಬ್ಬ ಅದನ್ನು ತಿಳಿಬಣ್ಣದವರಿಗಾಗಿಯೇ ಕಟ್ಟಿದನೆಂಬುದೂ, ಅಲ್ಲಿಯವರು ಪ್ರತಿ ತಲೆಮಾರಿನಲ್ಲೂ ಇನ್ನಷ್ಟು ಬೆಳ್ಳಗಾಗುವುದನ್ನೇ ಸಾಧನೆಯೆಂದು ತಿಳಿದಿದ್ದರೆಂಬುದೂ ಈ ಚರಿತ್ರೆಯಿಂದ ಹುಟ್ಟಿದ ಕಲ್ಪನೆ. ಲೂಸಿಯಾನಾದಲ್ಲಿ, ವಿಶೇಷವಾಗಿ ನ್ಯೂ ಆರ್ಲಿಯನ್ಸ್‌ನಲ್ಲಿ, ಫ್ರೆಂಚರ ಕಾಲದಿಂದಲೂ ದಾಸರೂ ಅಲ್ಲದ ಬಿಳಿಯರೂ ಅಲ್ಲದ ‘ಸ್ವತಂತ್ರ ವರ್ಣೀಯರ’ ವರ್ಗವೊಂದಿತ್ತೆಂಬುದು ಇದರ ಹಿನ್ನೆಲೆ.

ದಾಸ್ಯ ಕೊನೆಗೊಂಡ ಮೇಲೆ ಗೆರೆ ಇನ್ನಷ್ಟು ಬಿಗಿಯಾಯಿತು. 1892ರ ಜೂನ್‌ನಲ್ಲಿ ಹೋಮರ್ ಪ್ಲೆಸ್ಸಿ ಎಂಬವರು ನ್ಯೂ ಆರ್ಲಿಯನ್ಸ್‌ನಲ್ಲಿ ಮೊದಲ ದರ್ಜೆಯ ಟಿಕೆಟ್ ಪಡೆದು ಬಿಳಿಯರ ರೈಲುಡಬ್ಬಿಯಲ್ಲಿ ಕುಳಿತರು. ಅವರ ವಂಶದ ಎಂಟು ಪಾಲಿನಲ್ಲಿ ಏಳು ಪಾಲು ಯುರೋಪಿನದು. ಹಾಗೆಯೇ ಕೂತಿದ್ದರೆ ಯಾರೂ ಎಬ್ಬಿಸುತ್ತಿರಲಿಲ್ಲ. ಕಾನೂನನ್ನು ಪ್ರಶ್ನಿಸಲೆಂದು ನಾಗರಿಕರ ಸಮಿತಿಯೊಂದು ಮೊದಲೇ ಯೋಜಿಸಿದ್ದರಿಂದ ಬಂಧನವಾಯಿತು. 1896ರಲ್ಲಿ ಸುಪ್ರೀಂ ಕೋರ್ಟ್ ‘ಬೇರೆಯಾದರೂ ಸಮಾನ’ ಎಂಬ ತತ್ತ್ವವನ್ನು ಎತ್ತಿಹಿಡಿದು ಅವರ ವಿರುದ್ಧ ತೀರ್ಪು ನೀಡಿತು. ಆಮೇಲಿನದು ಲೆಕ್ಕಾಚಾರದ ಕಥೆ. ವರ್ಜೀನಿಯಾ 1910ರಲ್ಲಿ ಹದಿನಾರನೆಯ ಒಂದು ಪಾಲು ಕಪ್ಪು ರಕ್ತವಿದ್ದವರನ್ನು ವರ್ಣೀಯರೆಂದು ಎಣಿಸಿತು. 1924ರ ಜನಾಂಗ ಶುದ್ಧತೆಯ ಕಾಯ್ದೆಯಲ್ಲಿ ಒಂದು ಹನಿಯಿದ್ದರೂ ಬಿಳಿಯರಲ್ಲ ಎಂದಿತು. ಬೇರೆ ಜನಾಂಗದವರ ನಡುವಿನ ಮದುವೆಯನ್ನು ನಿಷೇಧಿಸುವ ಇಂಥ ಕಾನೂನುಗಳು ಬಿದ್ದುಹೋದದ್ದು 1967ರಲ್ಲಿ, ಲವಿಂಗ್ ದಂಪತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದ. ಇದೆಲ್ಲ ಮುತ್ತಜ್ಜನ ಕಾಲದ್ದೆಂದು ಭಾವಿಸಬೇಡಿ. ಲೂಸಿಯಾನಾ 1970ರಲ್ಲಿ ಮೂವತ್ತೆರಡನೆಯ ಒಂದು ಪಾಲಿನ ಗೆರೆಯನ್ನು ಕಾನೂನಾಗಿಸಿತ್ತು, 1983ರವರೆಗೂ ಅದನ್ನು ಇಟ್ಟುಕೊಂಡಿತ್ತು. ಅದೇ ರಾಜ್ಯದಲ್ಲಿ, ಬದುಕಿನುದ್ದಕ್ಕೂ ತಾನು ಬಿಳಿಯಳೆಂದೇ ತಿಳಿದಿದ್ದ ಮಹಿಳೆಯೊಬ್ಬರು ಪಾಸ್‌ಪೋರ್ಟ್ ಮಾಡಿಸಲು ಹೋದಾಗ ಜನನ ಪತ್ರದಲ್ಲಿ ತಮ್ಮನ್ನು ವರ್ಣೀಯಳೆಂದು ಬರೆದಿರುವುದನ್ನು ಕಂಡು ನ್ಯಾಯಾಲಯದ ಮೆಟ್ಟಿಲೇರಿದರು. ನ್ಯಾಯಾಲಯ ದಾಖಲೆಯನ್ನು ತಿದ್ದಲು ಒಪ್ಪಲಿಲ್ಲ.

ಇಲ್ಲಿ ನಮ್ಮವರಿಗೂ ಒಂದು ಪಾಲಿದೆಯೆಂಬುದನ್ನು ಪ್ರಾಸಂಗಿಕವಾಗಿ ಹೇಳಬೇಕು. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಪೌರತ್ವಕ್ಕಾಗಿ, ತಾನು ಆರ್ಯ, ಮೇಲುಜಾತಿಯವ, ಆದುದರಿಂದ ಬಿಳಿಯ ಎಂದು ವಾದಿಸಿದರು. 1923ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು; ಪಂಡಿತರ ವರ್ಗೀಕರಣ ಏನೇ ಇರಲಿ, ಸಾಮಾನ್ಯ ಬಿಳಿಯ ಮನುಷ್ಯ ಯಾರನ್ನು ಬಿಳಿಯನೆಂದು ಒಪ್ಪುತ್ತಾನೋ ಅವನೇ ಬಿಳಿಯ ಎಂಬುದು ಅದರ ತಾತ್ಪರ್ಯ. ಜಾತಿಯ ಹೆಮ್ಮೆಯನ್ನು ಜನಾಂಗದ ರಹದಾರಿಯನ್ನಾಗಿ ಬಳಸಲು ಹೊರಟ ಆ ವಾದವನ್ನು ಓದುವಾಗ ನನಗೆ ಅವರ ಸೋಲಿನ ಬಗ್ಗೆ ಅನುಕಂಪಕ್ಕಿಂತ ಮುಜುಗರವೇ ಹೆಚ್ಚಾಗುತ್ತದೆ.

ಹೀಗೆ ಜನಾಂಗವನ್ನು ರಕ್ತದಿಂದ ಅಳೆಯುತ್ತೇವೆಂದು ಕಾನೂನು ಹೇಳುತ್ತಿದ್ದರೂ ನಿತ್ಯದ ಬದುಕಿನಲ್ಲಿ ಅದನ್ನು ಕಣ್ಣಿನಿಂದಲೇ ಅಳೆಯಬೇಕಾಗಿತ್ತು. ಈ ಎರಡರ ನಡುವಿನ ಸಂದಿಯಲ್ಲೇ ಕಾದಂಬರಿಯಲ್ಲಿ ಬಿಳಿಯಳೆಂದು ಬಾಳುವ ಅವಳಿ ಸ್ಟೆಲಾ ನುಸುಳಿಹೋಗುತ್ತಾಳೆ. ಅವಳು ಮೊದಲಿಗೆ ಸುಳ್ಳನ್ನೂ ಹೇಳಬೇಕಾಗಿ ಬರುವುದಿಲ್ಲ. ಎದುರಿಗಿದ್ದವರು ಬಿಳಿಯಳೆಂದು ಭಾವಿಸಿದಾಗ ತಿದ್ದದೆ ಸುಮ್ಮನಿದ್ದರೆ ಸಾಕು. ಬಣ್ಣ ಅವಳನ್ನು ಹಿಡಿದುಕೊಡಲಾರದು. ಹಿಡಿದುಕೊಡಬಲ್ಲವರು ಅವಳ ತಾಯಿ, ಅವಳ ಅವಳಿ, ಅವಳನ್ನು ಬಲ್ಲ ಊರಿನವರು. ಆದುದರಿಂದ ಈ ಬಗೆಯ ಕಾದಂಬರಿಯನ್ನು ಓದುವಾಗ ‘ಇವಳು ಹೇಗೆ ಕಾಣುತ್ತಾಳೆ’ ಎಂಬುದಕ್ಕಿಂತ ‘ಇವಳನ್ನು ಗುರುತಿಸಬಲ್ಲವರು ಯಾರು, ಗುರುತಿಸಿದ ಮೇಲೆ ಅವರು ಬಾಯಿ ಬಿಡುತ್ತಾರೆಯೇ’ ಎಂದು ಕೇಳುತ್ತಾ ಹೋಗಬೇಕೆಂಬುದು ನನ್ನ ಸೂಚನೆ. ಕಪ್ಪು ಜನರ ನಡುವೆ ಇಂಥವರನ್ನು ಗುರುತಿಸಿಯೂ ಬಿಟ್ಟುಕೊಡದೆ ಇರುವುದು ಒಂದು ಮಾತಿಲ್ಲದ ಕಟ್ಟುಪಾಡಾಗಿತ್ತು. ಪಾಸಿಂಗನ್ನು ಪರೋಪಕಾರಕ್ಕೆ ಬಳಸಿದವರೂ ಇದ್ದರು: ಕಪ್ಪು ಜನರ ಹಕ್ಕುಗಳ ಸಂಘಟನೆಯನ್ನು ದೀರ್ಘಕಾಲ ನಡೆಸಿದ ವಾಲ್ಟರ್ ವೈಟ್, ನೀಲಿ ಕಣ್ಣು ಹೊಂಬಣ್ಣದ ಕೂದಲಿನ ತಮ್ಮ ರೂಪದಿಂದಾಗಿ ಬಿಳಿಯರ ನಡುವೆ ಸೇರಿ, ಗುಂಪುಹತ್ಯೆಗಳ ವಿವರಗಳನ್ನು ಕೊಂದವರ ಬಾಯಿಯಿಂದಲೇ ಸಂಗ್ರಹಿಸಿ ತಂದರು.

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಓದಿದರೆ ಕಾದಂಬರಿಯ ಯಾವ ಭಾಗ ಗಟ್ಟಿ, ಯಾವುದು ಜೊಳ್ಳು ಎಂಬುದು ತಿಳಿಯುತ್ತದೆ. ಸ್ಟೆಲಾಳ ಬಿಳಿಯರ ಬಡಾವಣೆಗೆ ಕಪ್ಪು ಕುಟುಂಬವೊಂದು ವಾಸಕ್ಕೆ ಬರುವ ಪ್ರಕರಣ ಇಡೀ ಕೃತಿಯಲ್ಲಿ ಅತ್ಯುತ್ತಮವಾದುದು. ನೆರೆಯ ಬಿಳಿಯರಿಗಿಂತ ಹೆಚ್ಚು ಆವೇಶದಿಂದ ಅವಳೇ ಅವರನ್ನು ವಿರೋಧಿಸುತ್ತಾಳೆ, ಏಕೆಂದರೆ ಬಿಳಿಯರಿಗೆ ಕಾಣದ್ದು ಅವರಿಗೆ ಕಂಡೀತೆಂಬ ಭಯ ಅವಳಿಗೊಬ್ಬಳಿಗೇ ಇರುವುದು. ಆಮೇಲೆ ಆ ಮನೆಯ ಹೆಂಗಸಿನ ಸ್ನೇಹಕ್ಕಾಗಿ ಹಾತೊರೆಯುವವಳೂ ಅವಳೇ, ಅದನ್ನು ಮುರಿದು ಹಾಕುವವಳೂ ಅವಳೇ. ಅವಳನ್ನು ಸ್ವಾರ್ಥಿಯೆಂದು ತಳ್ಳಿಹಾಕುವ ಮೊದಲು ಲೇಖಕಿ ಇಟ್ಟಿರುವ ಎರಡು ಸಂಗತಿಗಳನ್ನು ನೆನಪಿಗೆ ತಂದುಕೊಳ್ಳಬೇಕು: ಬಾಲ್ಯದಲ್ಲಿ ತಂದೆಯನ್ನು ಬಿಳಿಯರು ಮನೆಯಿಂದ ಎಳೆದೊಯ್ದುದನ್ನು ಅವಳಿಗಳು ಕಣ್ಣಾರೆ ಕಂಡಿದ್ದರು, ಮನೆಗೆಲಸಕ್ಕೆ ಹೋದಲ್ಲಿ ಯಜಮಾನನ ಕೈ ಸ್ಟೆಲಾಳ ಮೈಮೇಲೆ ಬಿದ್ದಿತ್ತು. ತಂದೆಯ ಬಣ್ಣವೂ ತಿಳಿಯೇ ಆಗಿತ್ತು, ಅದು ಅವನನ್ನು ಉಳಿಸಲಿಲ್ಲ. ಬಿಳಿಯರಂತೆ ಕಂಡರೆ ಸಾಲದು, ಬಿಳಿಯರೇ ಆಗಬೇಕು ಎಂಬ ತೀರ್ಮಾನಕ್ಕೆ ಅವಳು ಬಂದಿದ್ದರೆ ಅದರ ತರ್ಕ ಅಲ್ಲಿಂದ ಹುಟ್ಟಿದ್ದು. ಇವರು ಊರು ಬಿಟ್ಟು ಓಡಿದ್ದು 1954ರಲ್ಲಿ, ಎಂದರೆ ಶಾಲೆಗಳಲ್ಲಿ ಜನಾಂಗ ಪ್ರತ್ಯೇಕತೆ ಸಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿದ ವರ್ಷದಲ್ಲಿ. ತೀರ್ಪು ಜಾರಿಗೆ ಬರುವವರೆಗೆ ಕಾಯುವ ತಾಳ್ಮೆ ಹದಿಹರೆಯದ ಹುಡುಗಿಯರಿಗೆ ಇರಬೇಕಾಗಿಲ್ಲ.

ಎರಡನೆಯ ತಲೆಮಾರಿನಲ್ಲಿ, ಕಪ್ಪು ಹೆಂಗಸಾಗಿಯೇ ಉಳಿದ ಅವಳಿ ಡಿಸಿರೇಯ ಕಡುಕಪ್ಪು ಮಗಳು ಜೂಡ್ ದೂರದ ಲಾಸ್ ಏಂಜಲೀಸ್‌ನಲ್ಲಿ ಔತಣವೊಂದಕ್ಕೆ ಬಡಿಸಲು ಹೋದವಳು ಅಕಸ್ಮಾತ್ತಾಗಿ ತನ್ನ ಚಿಕ್ಕಮ್ಮನನ್ನೇ ಕಂಡುಬಿಡುವುದು ನನಗೆ ಸುಲಭದ ದಾರಿಯೆನಿಸಿತು. ಲಕ್ಷಾಂತರ ಜನರಿರುವ ನಗರದಲ್ಲಿ ಕಾಕತಾಳೀಯದ ಮೇಲೆ ಅಷ್ಟು ಭಾರ ಹಾಕಬಾರದಿತ್ತು. ಆದರೆ ಸ್ಟೆಲಾಳ ಮಗಳು ಕೆನಡಿಯ ಚಿತ್ರಣ ಆ ದೋಷವನ್ನು ಮರೆಸುತ್ತದೆ. ತಾಯಿ ಯಾರಿಂದ ತಪ್ಪಿಸಿಕೊಂಡಳೆಂಬುದು ಗೊತ್ತಿಲ್ಲದೆ, ತಪ್ಪಿಸಿಕೊಂಡದ್ದರ ಫಲವನ್ನಷ್ಟೇ ಉಂಡು ಬೆಳೆದವಳು ಅವಳು. ಅಜ್ಜಿ ಯಾರು, ಊರು ಯಾವುದು ಎಂದು ಕೇಳಿದಾಗಲೆಲ್ಲ ಸಿಕ್ಕಿದ್ದು ಮೌನ. ಗುಟ್ಟನ್ನು ಕಟ್ಟಿಕೊಂಡವಳಿಗೆ ಅದರ ಕಾರಣವಾದರೂ ಗೊತ್ತಿರುತ್ತದೆ. ಅದನ್ನು ಬಳುವಳಿಯಾಗಿ ಪಡೆದವಳಿಗೆ ಅದೂ ಇಲ್ಲ. ಒಂದೇ ತಲೆಮಾರಿನ ಕಥೆಯಲ್ಲಿ ಈ ನಷ್ಟವನ್ನು ತೋರಿಸಲಾಗುತ್ತಿರಲಿಲ್ಲ.

ಇನ್ನು ಜಾತಿಯೊಡನೆ ಹೋಲಿಕೆಯ ವಿಚಾರ. ಹೋಲಿಸುವುದೇ ತಪ್ಪೆಂದು ನಾನು ಹೇಳಲಾರೆ. ಜ್ಯೋತಿಬಾ ಫುಲೆಯವರು 1873ರಲ್ಲಿ ‘ಗುಲಾಮಗಿರಿ’ಯನ್ನು ಕಪ್ಪು ಜನರನ್ನು ದಾಸ್ಯದಿಂದ ಬಿಡಿಸಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು, 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಜನರ ಹಿರಿಯ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು ಅಸ್ಪೃಶ್ಯರ ಹಾಗೂ ಕಪ್ಪು ಜನರ ಸ್ಥಿತಿಯ ನಡುವಿನ ಸಾಮ್ಯವನ್ನು ಎತ್ತಿ ಹೇಳಿದ್ದರು. ಕಳಂಕ ಹುಟ್ಟಿನಿಂದ ಬರುವುದು, ಮದುವೆಯ ಬೇಲಿಯಿಂದ ಅದನ್ನು ಕಾಯುವುದು, ಕೆಳಗಿನವರ ದುಡಿಮೆಯ ಮೇಲೆ ಮೇಲಿನವರ ಶುದ್ಧತೆ ನಿಲ್ಲುವುದು, ಇವು ಎರಡೂ ಕಡೆ ಒಂದೇ. ಆದರೆ ಮುಚ್ಚಿಡುವ ಕ್ರಮ ಒಂದೇ ಅಲ್ಲ. ಹುಡುಗಿ ನೋಡಲು ಬಂದವರು ಬಣ್ಣದ ಬಗ್ಗೆ ನಾಲ್ಕು ಮಾತಾಡಿಯೇ ಹೋಗುತ್ತಾರಾದರೂ, ನಮ್ಮ ಜಿಲ್ಲೆಗಳಲ್ಲಿ ಎಲ್ಲ ಜಾತಿಗಳಲ್ಲಿಯೂ ಎಲ್ಲ ಬಣ್ಣದವರಿದ್ದಾರೆ. ಬಣ್ಣ ನೋಡಿ ಜಾತಿ ಹೇಳಲಾಗದು, ಬಣ್ಣ ಬದಲಾದರೆ ಜಾತಿ ಬದಲಾಗದು. ಇಲ್ಲಿ ಗುರುತು ಇರುವುದು ಹೆಸರಿನ ಬಾಲದಲ್ಲಿ, ಮಾತಿನ ರಾಗದಲ್ಲಿ, ಊಟದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮನೆಯಲ್ಲಿ. ಕುಂದಾಪುರದಿಂದ ಸುಳ್ಯದವರೆಗೆ ಯಾವ ಬಸ್ಸಿನಲ್ಲಿ ಕುಳಿತರೂ ಪಕ್ಕದವರು ಕೇಳುವುದು ‘ಮನೆ ಎಲ್ಲಾಯ್ತು’ ಎಂದೇ. ಊರು ಹೇಳಿದರೆ ಸಾಲದು, ಊರಿನಲ್ಲಿ ಯಾವ ಮನೆ, ಅಲ್ಲಿ ಇಂಥವರು ನಿಮಗೆ ಏನಾಗಬೇಕು ಎಂದು ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ನಿಮ್ಮ ಅರ್ಧ ವಂಶಾವಳಿ ಹೊರಬಿದ್ದಿರುತ್ತದೆ. ಸ್ಟೆಲಾಳಿಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಯಾರೂ ಕೇಳದ ಪ್ರಶ್ನೆ ಇದು.

ಆದುದರಿಂದ ಕಥೆಯನ್ನು ಇದ್ದಂತೆಯೇ ಎತ್ತಿ ತಂದು ಉಡುಪಿಯಲ್ಲಿ ಇಳಿಸಬೇಡಿ ಎಂಬುದು ನನ್ನ ಸಲಹೆ. ಅದರ ಒಳಗಿನ ಪ್ರಶ್ನೆಯನ್ನು ಮಾತ್ರ ತನ್ನಿ. ಅದಕ್ಕೆ ಉತ್ತರಿಸುವ ಸಾಮಗ್ರಿ ತುಳುನಾಡಿನಲ್ಲಿ ಬೇರೆಲ್ಲಿಯೂ ಇಲ್ಲದಷ್ಟಿದೆ, ಏಕೆಂದರೆ ಅಕ್ಕತಂಗಿಯರು ಇಲ್ಲಿ ಮನೆತನದ ಅಂಚಿನಲ್ಲಿರಲಿಲ್ಲ, ನಡುವಿನಲ್ಲಿದ್ದರು. ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ಅಳಿಯಸಂತಾನದ ಕುಟುಂಬಗಳಲ್ಲಿ ‘ಬರಿ’, ಎಂದರೆ ಗೋತ್ರದಂಥ ಕುಲದ ಗುರುತು, ಬರುವುದು ತಾಯಿಯಿಂದ. ಒಂದೇ ಬರಿಯವರ ನಡುವೆ ಮದುವೆಯಿಲ್ಲ. ಆಸ್ತಿಯ ಹಕ್ಕು ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಬಂದ ಅವಳ ಸಂತತಿ, ಇಷ್ಟು ಸೇರಿ ಒಂದು ಕವರು. ಇಬ್ಬರು ಅಕ್ಕತಂಗಿಯರೆಂದರೆ ಎರಡು ಕವರು. ಅವರಲ್ಲಿ ಒಬ್ಬಳು ಕಾಣೆಯಾದರೆ ಕುಟುಂಬ ಕಳೆದುಕೊಳ್ಳುವುದು ಒಬ್ಬ ಮಗಳನ್ನಲ್ಲ, ಒಂದು ಕವರನ್ನೇ. ಮಗನನ್ನು ಬಲಿ ಕೊಡಲು ರಾಜನ ಹೆಂಡತಿ ಒಪ್ಪದಿದ್ದಾಗ ತಂಗಿಯು ತನ್ನ ಮಗನನ್ನು ಮುಂದಿಟ್ಟಳು, ಅಂದಿನಿಂದ ಅಳಿಯನಿಗೆ ಪಟ್ಟವಾಯಿತು ಎಂಬ ಭೂತಾಳಪಾಂಡ್ಯನ ಐತಿಹ್ಯವನ್ನು ಚರಿತ್ರೆಯೆಂದು ಸ್ವೀಕರಿಸಬೇಕಾಗಿಲ್ಲ. ಆದರೆ ಒಡಹುಟ್ಟಿದವಳ ತ್ಯಾಗದ ಮೇಲೆ ವ್ಯವಸ್ಥೆಯೊಂದು ತನ್ನನ್ನು ಸಮರ್ಥಿಸಿಕೊಂಡ ಬಗೆ ಕಾದಂಬರಿಕಾರರಿಗೆ ಉಪಯುಕ್ತ.

ವರ್ಜೀನಿಯಾದ 1662ರ ಕಾನೂನನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡೂ ಕಡೆ ತಾಯಿಯ ಕಡೆಯಿಂದಲೇ ಲೆಕ್ಕ. ಇಲ್ಲಿ ತಾಯಿಯಿಂದ ಬಂದದ್ದು ಗದ್ದೆಯ ಮೇಲಿನ ಹಕ್ಕು, ಅಲ್ಲಿ ತಾಯಿಯಿಂದ ಬಂದದ್ದು ಕೊರಳಿನ ಸರಪಳಿ. ಹೆಣ್ಣಿನ ಮೂಲಕ ವಂಶ ಎಣಿಸುವುದೇ ಹೆಣ್ಣಿಗೆ ಬಿಡುಗಡೆಯೆಂದು ನಮ್ಮಲ್ಲಿ ಸಲೀಸಾಗಿ ಹೇಳುವವರು ಈ ಹೋಲಿಕೆಯನ್ನು ಗಮನಿಸಬೇಕು. ಅಳಿಯಸಂತಾನದ ಮನೆಯ ಗದ್ದೆಯಲ್ಲಿ ತಲೆತಲಾಂತರದಿಂದ ಜೀತಕ್ಕೆ ದುಡಿಯುತ್ತಿದ್ದ ಮೂಲದಾಳುಗಳ ಹೆಣ್ಣುಮಕ್ಕಳಿಗೆ ತಾಯಿಯಿಂದ ಏನು ಬರುತ್ತಿತ್ತೆಂಬುದನ್ನೂ ನಿಮ್ಮ ಕಾದಂಬರಿ ಕೇಳದೆ ಬಿಡಬಾರದು. ಗುತ್ತಿನ ಮನೆಯ, ಎಂದರೆ ಊರಿನ ಯಜಮಾನ ಮನೆತನದ, ಅಂಗಳದಿಂದ ಮಾತ್ರ ಬರೆದ ಕುಟುಂಬ ಕಥೆಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ.

ಮುಚ್ಚಿಟ್ಟು ಬದುಕುವ ತಂಗಿಯೇ ನಿಮಗೆ ಬೇಕಿದ್ದರೆ ಅವಳನ್ನು ಮುಂಬಯಿಗೆ ಕಳುಹಿಸಿ. ಕರಾವಳಿಯವರು ಹೋಟೆಲು, ಗಿರಣಿ, ರಾತ್ರಿಶಾಲೆಗಳ ಬೆನ್ನು ಹತ್ತಿ ಹೋದ ಊರದು. ಅಲ್ಲಿ ಹೆಸರಿನ ಬಾಲವನ್ನು ಕತ್ತರಿಸಬಹುದು, ರಾವ್ ಎಂದು ಸೇರಿಸಿಕೊಂಡರೆ ಜಾತಿ ಸ್ಪಷ್ಟವಾಗದು. ಆದರೆ ಅಲ್ಲಿಯೂ ಊರಿನವರ ಸಂಘವಿದೆ, ಊರಿನ ಹೋಟೆಲಿದೆ, ಬಲ್ಲವರ ಕಣ್ಣುಗಳಿವೆ. ಇನ್ನು ಗುಟ್ಟನ್ನು ಹೊರತರಲು ಔತಣಕೂಟದ ಕಾಕತಾಳೀಯ ನಿಮಗೆ ಬೇಕಾಗಿಯೇ ಇಲ್ಲ. ಮಗಳಿಗೆ ಮಕ್ಕಳಾಗುತ್ತಿಲ್ಲವೆಂದೋ ಮನೆಯಲ್ಲಿ ಕಾಯಿಲೆ ಬಿಡುತ್ತಿಲ್ಲವೆಂದೋ ಜ್ಯೋತಿಷಿಯ ಬಳಿ ಪ್ರಶ್ನೆ ಇಟ್ಟಾಗ, ‘ಮೂಲನಾಗನಿಗೆ ಸಲ್ಲಬೇಕಾದುದು ಸಲ್ಲಿಲ್ಲ, ಮೂಲಸ್ಥಾನವನ್ನು ಹುಡುಕಿ’ ಎಂದು ಬರುವುದು ಇಲ್ಲಿ ಎಷ್ಟು ಸಾಮಾನ್ಯವೆಂಬುದು ನಿಮಗೆ ಗೊತ್ತೇ ಇದೆ. ತಾಯಿಯ ಕಡೆಯ ನಾಗಬನ ಎಲ್ಲಿ, ಕುಟುಂಬದ ಮನೆ ಯಾವುದು ಎಂದು ಮೊಮ್ಮಗಳು ಹುಡುಕುತ್ತಾ ಬಂದರೆ ಅವಳ ಕಾಲು ತಾನಾಗಿ ದೊಡ್ಡಮ್ಮನ ಹೊಸ್ತಿಲಿಗೆ ಬರುತ್ತದೆ. ಊರಿನ ನಂಬಿಕೆಯೇ ಕಥೆಯ ಗಂಟನ್ನು ಬಿಚ್ಚುವಾಗ ಕಾದಂಬರಿಕಾರರು ಕೈ ಹಾಕಬೇಕಾಗುವುದಿಲ್ಲ.

ಇನ್ನೊಂದು ದಾರಿಯೂ ಇದೆ, ನನ್ನ ಮಟ್ಟಿಗೆ ಅದು ಹೆಚ್ಚು ಫಲವತ್ತಾದುದು: ಒಡಹುಟ್ಟಿದವಳು ಮುಚ್ಚಿಡದೆ, ಮತ ಬದಲಿಸಿ ಎಲ್ಲರೆದುರೇ ಬೇರೆಯಾಗುವುದು. ಕ್ರೈಸ್ತ ಮತಪ್ರಚಾರಕರಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ; ಜೆಪ್ಪುವಿನಲ್ಲಿ ಅವರ ಹಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ಮತಾಂತರಗೊಂಡವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಮತ ಬದಲಿಸಿದರೆ ಆಸ್ತಿಯ ಹಕ್ಕು ಹೋಗಬಾರದೆಂದು 1850ರ ಕಾಯ್ದೆ ಹೇಳಿತ್ತಾದರೂ ಅಂಗಳಕ್ಕೆ ಬರಬೇಡವೆಂದು ಹೇಳಲು ಯಾರಿಗೂ ಕಾಯ್ದೆ ಬೇಕಾಗಿರಲಿಲ್ಲ. ಮತ ಬದಲಿಸಿ ಮಿಷನ್ನಿನ ಬಲ್ಮಠದ ಕಡೆಗೆ ಹೋದ ಅಕ್ಕ, ದೈವದ ತಂಬಿಲ ಸೇವೆಗೆ ಬರಲಾಗದೆ ಹೋದರೂ ಹೆರಿಗೆಯ ಸುದ್ದಿ ಕೇಳಿ ಕತ್ತಲಾದ ಮೇಲೆ ತಂಗಿಯನ್ನು ನೋಡಲು ಬರುತ್ತಾಳೆಂದಿಟ್ಟುಕೊಳ್ಳಿ. ಇಲ್ಲಿ ಗುರುತು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಗುರುತಿಸದಂತೆ ನಟಿಸಬೇಕಾದವರು ಊರಿನವರು. ಬೆನೆಟ್ ಅವರ ಕಾದಂಬರಿಯಲ್ಲಿ ಇಲ್ಲದ ಸನ್ನಿವೇಶ ಇದು.

ಮೂರನೆಯ ತಲೆಮಾರಿಗೆ ಬಂದಾಗ ಸರಕಾರಿ ಕಾಗದವನ್ನು ಮರೆಯಬೇಡಿ. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಕ್ಷಣದಲ್ಲಿ ಮನೆಯೊಳಗಿನ ಮೌನವೆಲ್ಲ ತಹಶೀಲ್ದಾರರ ಕಚೇರಿಯ ಮೇಜಿನ ಮೇಲೆ ಬರುತ್ತದೆ. ಅಂತರ್ಜಾತಿಯ ದಂಪತಿಯ ಮಗು ತಂದೆಯ ಜಾತಿಯದೆಂಬ ಊಹೆ ಅಂತಿಮವಲ್ಲ, ಮಗು ತಾಯಿಯ ಸಮುದಾಯದಲ್ಲಿ ಬೆಳೆದು ಅಲ್ಲಿಯ ಅವಮಾನಗಳನ್ನು ಉಂಡಿದ್ದರೆ ಅದನ್ನು ಸಾಬೀತುಪಡಿಸಲು ಅವಕಾಶವಿದೆ ಎಂದು ನಮ್ಮ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಅಮೆರಿಕದವರು ಹನಿಯನ್ನು ಅಳೆದರೆ ಇಲ್ಲಿ ಬೆಳೆದ ರೀತಿಯನ್ನು ಅಳೆಯಬೇಕಾಗುತ್ತದೆ. ಅಜ್ಜಿ ಮುಚ್ಚಿಟ್ಟದ್ದನ್ನು ಮೊಮ್ಮಗಳು ಸಾಕ್ಷಿಸಹಿತ ಸಾಬೀತುಪಡಿಸಲು ಹೆಣಗುವ ವಿಪರ್ಯಾಸ ಅದರಿಂದ ಹುಟ್ಟುತ್ತದೆ.

ಕೊನೆಯದಾಗಿ, ಬರೆಯಲು ಕೂರುವ ಮೊದಲು ಅಕ್ಕತಂಗಿಯರು ಬೇರೆಯಾಗುವ ವರ್ಷವನ್ನು ಗಟ್ಟಿ ಮಾಡಿಕೊಳ್ಳಿ, ಏಕೆಂದರೆ ನಮ್ಮಲ್ಲಿ ಆ ವರ್ಷದ ಮೇಲೆ ಎಲ್ಲವೂ ನಿಂತಿರುತ್ತದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ಅನಂತರವಾದರೆ ಹೊರಟವಳ ಕವರು ಪಾಲು ಕೇಳಬಹುದು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಿತು, ಅದೇ ವರ್ಷದ ನವೆಂಬರಿನಲ್ಲಿ ದಕ್ಷಿಣ ಕನ್ನಡ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಕಾಸರಗೋಡಿನ ಕಡೆಗೆ ಮದುವೆಯಾಗಿ ಹೋದ ಅಕ್ಕ ಮನೆ ಬದಲಿಸದೆಯೇ ಬೇರೆ ರಾಜ್ಯದವಳಾದಳು. 1974ರ ಮಾರ್ಚ್ 1ರ ಭೂಸುಧಾರಣೆಯ ಅನಂತರವಾದರೆ ಹಿಂತಿರುಗಿ ಬಂದ ತಂಗಿಗೆ ಕೇಳಲು ಗೇಣಿಯ ಗದ್ದೆಯೇ ಉಳಿದಿರದು, ಅದು ಒಕ್ಕಲಿನವರ ಹೆಸರಿಗೆ ಹೋಗಿರುತ್ತದೆ. ಆಗ ಅವಳು ಬಂದದ್ದು ಆಸ್ತಿಗಾಗಿ ಎಂದು ಅಕ್ಕನಿಗೂ ಹೇಳಲಾಗದು, ಓದುಗರಿಗೂ ಹೇಳಲಾಗದು. ಏಕೆ ಬಂದಳೆಂಬುದನ್ನು ನೀವೇ ಬರೆದು ತೋರಿಸಬೇಕಾಗುತ್ತದೆ. ಈ ಮೂರರಲ್ಲಿ ನಾನಾದರೆ ಕೊನೆಯದನ್ನೇ ಆರಿಸಿಕೊಳ್ಳುತ್ತಿದ್ದೆ.